ಮಗುವಿಗೆ ಕಾಯುವ ಆಟ

ಕೇಳುಗರಿಗೆ ನಮಸ್ಕಾರ.

ಗೋವಾದ ಮಳೆ ನಿಮಗೆ ಗೊತ್ತು. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವ ಮಾತಿಲ್ಲ. ಕಳೆದ ಮಳೆಗಾಲದಲ್ಲಿ ವಾಸ್ಕೊದ ನಮ್ಮ ಮನೆಗೆ ಮೊಮ್ಮಕ್ಕಳಿಬ್ಬರು ಬಂದಿದ್ದರು. ದೊಡ್ಡವಳಿಗೆ ನಾಲ್ಕೂವರೆ, ಚಿಕ್ಕವನಿಗೆ ಎರಡು ತುಂಬಿತ್ತು. ಅಂಗಳದಲ್ಲಿ ಮೊಣಕಾಲುದ್ದ ನೀರು. ಒಳಗೆ ಒಣಗದ ಬಟ್ಟೆಯ ಹಗ್ಗಗಳು. ಮೊಬೈಲ್ ಕೊಟ್ಟು ನೋಡಿದೆ. ಆಟಕ್ಕಿಂತ ಜಾಹೀರಾತೇ ಜಾಸ್ತಿ. ಹುಡುಗಿ ಎಲ್ಲೋ ಒತ್ತುತ್ತಾಳೆ, ಅದು ಇನ್ನೆಲ್ಲೋ ಒಯ್ಯುತ್ತದೆ.

ಅಟ್ಟದ ಮೇಲೆ ಮಗನ ಹಳೆಯ ಲ್ಯಾಪ್‌ಟಾಪ್ ಇತ್ತು. ಬ್ಯಾಟರಿ ಸತ್ತಿದೆ, ವೈರ್ ಚುಚ್ಚಿದರೆ ಮಾತ್ರ ಜೀವ. ಅದಕ್ಕೆ ಲಿನಕ್ಸ್ ಹಾಕಿದೆ. ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಅದು. ಲಿನಕ್ಸ್‌ನಲ್ಲಿ ಆಟ ಹುಡುಕುವುದು ಸುಲಭ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಹೆಸರು ಟೈಪ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಆಯ್ತು. ಇವತ್ತು ನಾನು ಹೇಳುವ ಎಲ್ಲ ಆಟಗಳೂ ಉಚಿತ. ಕಷ್ಟ ಇರುವುದು ಆರಿಸುವುದರಲ್ಲಿ.

ಮೊದಲ ದಿನ ನಾನು ಆರಿಸಿದ್ದು ಸೂಪರ್‌ಟಕ್ಸ್‌ಕಾರ್ಟ್. ಬಣ್ಣಬಣ್ಣದ ಪುಟ್ಟ ಗಾಡಿಗಳ ರೇಸು. ನೋಡಲು ಚೆಂದ, ರಕ್ತ ಇಲ್ಲ, ಗುಂಡು ಇಲ್ಲ. ಇನ್ನೇನು ಬೇಕು ಅಂದುಕೊಂಡೆ. ರೇಸ್ ಶುರುವಾಯ್ತು. ಹುಡುಗಿಯ ಗಾಡಿ ಸೀದಾ ಹೋಗಿ ಗೋಡೆಗೆ ಗುದ್ದಿತು. ತಿರುಗಿಸಿದಳು, ಬಂದ ದಾರಿಯಲ್ಲೇ ವಾಪಸ್ ಹೊರಟಿತು. ದಾರಿ ತಪ್ಪು ಅಂತ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು. ಓದಲು ಬರದ ಮಗುವಿಗೆ ಅದರಿಂದ ಏನು ತಿಳಿಯಬೇಕು? ಕೊನೆಗೆ ನನ್ನ ಕಡೆ ತಿರುಗಿ, "ಎಲ್ಲಾರೂ ನನ್ನ ಬಿಟ್ಟು ಹೋದ್ರು ಅಜ್ಜಾ" ಅಂತ ಅಳೋಕೆ ಶುರು ಮಾಡಿದಳು.

ಆಟದ್ದೇನೂ ತಪ್ಪಿಲ್ಲ. ಎಂಟು-ಒಂಬತ್ತು ವರ್ಷದ ಹುಡುಗರು ಅದನ್ನು ಮುಗಿಬಿದ್ದು ಆಡುತ್ತಾರೆ. ತಪ್ಪು ನನ್ನದು. ಆಟದಲ್ಲಿ ಕೆಟ್ಟದ್ದು ಇದೆಯಾ ಅಂತ ಮಾತ್ರ ನೋಡಿದ್ದೆ. ಅದು ಮಗುವಿಗೆ ಕಾಯುತ್ತದೆಯಾ ಅಂತ ನೋಡಿರಲಿಲ್ಲ. ಲಿನಕ್ಸ್‌ನ ಕೆಲವು ಆಪ್ ಅಂಗಡಿಗಳಲ್ಲಿ ವಯಸ್ಸಿನ ಗುರುತು ಇರುತ್ತದೆ. ಒಂದು ಪ್ರಶ್ನಾವಳಿಗೆ ಆಟ ಮಾಡಿದವರೇ ಕೊಟ್ಟ ಉತ್ತರಗಳ ಮೇಲೆ ಅದು ನಿಂತಿದೆ. ಹೊಡೆದಾಟ ಇದೆಯಾ, ಜೂಜು ಇದೆಯಾ ಅನ್ನುವುದು ಅದರಿಂದ ತಿಳಿಯುತ್ತದೆ. ನಾಲ್ಕು ವರ್ಷದ ಕೈ ಮೌಸ್ ಹಿಡಿಯಲು ತಡಕಾಡುವಾಗ ಆಟ ಸುಮ್ನೆ ನಿಂತಿರುತ್ತದಾ? ಅದನ್ನು ನಾವೇ ಮೊದಲು ಆಡಿ ನೋಡಬೇಕು.

ಮರುದಿನ ಟಕ್ಸ್ ಪೇಂಟ್ ಹಾಕಿದೆ. ಟಕ್ಸ್ ಅಂದರೆ ಲಿನಕ್ಸ್‌ನ ಗುರುತಿನ ಪೆಂಗ್ವಿನ್. ಬಿಲ್ ಕೆಂಡ್ರಿಕ್ ಅನ್ನುವವರು 2002ರಲ್ಲಿ ಶುರು ಮಾಡಿದ, ಮಕ್ಕಳು ಚಿತ್ರ ಬಿಡಿಸುವ ಪ್ರೋಗ್ರಾಂ ಇದು. ಮೂರರಿಂದ ಹನ್ನೆರಡು ವರ್ಷದವರಿಗೆ ಅನ್ನುತ್ತಾರೆ. ನಾನೂ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ, ಅದು ಬೇರೆ ವಿಷಯ. ಇಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ತಪ್ಪಾದರೆ ಹಿಂದಕ್ಕೆ ಹೋಗುವ ಬಟನ್ ಇದೆ, ಒತ್ತುತ್ತಾ ಹೋದರೆ ಒಂದೊಂದೇ ಗೆರೆ ಅಳಿಯುತ್ತದೆ. ಉಳಿಸುವಾಗ ಹೆಸರು ಕೇಳುವುದಿಲ್ಲ. ಮತ್ತೆ ತೆರೆಯುವಾಗ ಪುಟ್ಟ ಪುಟ್ಟ ಚಿತ್ರಗಳನ್ನೇ ಸಾಲಾಗಿ ತೋರಿಸುತ್ತದೆ. ಮಗು ತನ್ನದನ್ನು ಗುರುತು ಹಿಡಿಯುತ್ತದೆ.

ಅದರಲ್ಲಿ ಮ್ಯಾಜಿಕ್ ಅಂತ ಒಂದು ವಿಭಾಗ. ಇಟ್ಟಿಗೆ, ಹುಲ್ಲು, ಕಾಮನಬಿಲ್ಲು, ಮಳೆ. ಮಳೆಯಲ್ಲಿ ಎರಡು ಬಗೆ: ಒಂದೊಂದೇ ಹನಿ ಹಾಕುವುದು, ಇಲ್ಲವೇ ಚಿತ್ರದ ತುಂಬಾ ಒಮ್ಮೆಗೇ ಸುರಿಸುವುದು. ನಮ್ಮ ಹುಡುಗಿ ಮನೆ ಬಿಡಿಸಿದಳು, ಮನೆಯ ಮುಂದೆ ನನ್ನನ್ನು ನಿಲ್ಲಿಸಿದಳು, ಆಮೇಲೆ ಮಳೆ ಸುರಿಸಿದಳು. ಕಿಟಕಿಯಾಚೆ ಸುರಿಯುತ್ತಿದ್ದದ್ದು ಸಾಲದು ಅಂತ! ಮುದ್ರೆ ಒತ್ತುವ ಚಿತ್ರಗಳ ಪ್ಯಾಕೇಜು ಬೇರೆ ಇರುತ್ತದೆ, ಅದನ್ನೂ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ಅರ್ಧ ಮಜಾ ಹೋಗುತ್ತದೆ. ಮನೆಯಲ್ಲಿ ಪ್ರಿಂಟರ್ ಇದ್ದರೆ ಟಕ್ಸ್ ಪೇಂಟ್ ಕಾನ್ಫಿಗ್ ಅನ್ನುವ ಸೆಟ್ಟಿಂಗ್ಸ್ ಪ್ರೋಗ್ರಾಂಗೆ ಹೋಗಿ ಪ್ರಿಂಟ್ ಬಟನ್ ಮುಚ್ಚಿಬಿಡಿ. ಶಾಯಿಯ ಬೆಲೆ ನಿಮಗೇ ಗೊತ್ತಲ್ಲ.

ಗೋವಾದವರಿಗೆ ಇನ್ನೊಂದು ಮಾತು. ಟಕ್ಸ್ ಪೇಂಟ್‌ನಲ್ಲಿ ಕನ್ನಡ ಇದೆ, ಮರಾಠಿ ಇದೆ. ಕೊಂಕಣಿಯಂತೂ ದೇವನಾಗರಿ, ರೋಮನ್ ಎರಡೂ ಲಿಪಿಯಲ್ಲಿದೆ. ಲಿಪಿಯ ವಾದ ಇಲ್ಲಿ ಎಷ್ಟು ಹಳೆಯದು! ಪೆಂಗ್ವಿನ್ ಯಾರ ಜೊತೆಗೂ ಜಗಳಕ್ಕೆ ಹೋಗಿಲ್ಲ. ಕಾರವಾರ, ಮಂಗಳೂರು ಕಡೆಯವರು ಬರೆಯುವ ಕನ್ನಡ ಲಿಪಿಯ ಕೊಂಕಣಿ ಮಾತ್ರ ಅದರಲ್ಲಿ ನನಗೆ ಕಾಣಲಿಲ್ಲ.

ಇನ್ನು ಎರಡು ವರ್ಷದವನು. ಅಕ್ಕ ಕೂತರೆ ಅವನೂ ಕೂರಬೇಕು. ಅಂಗೈ ಅಗಲಿಸಿ ಕೀಬೋರ್ಡ್‌ಗೆ ಬಡಿಯುತ್ತಾನೆ. ಅವನಿಗೆ ಬ್ಯಾಮ್‌ಬ್ಯಾಮ್ ಸಿಕ್ಕಿತು. ಪೂರ್ತಿ ಪರದೆ ತೆಗೆದುಕೊಳ್ಳುತ್ತದೆ. ಯಾವ ಕೀ ಒತ್ತಿದರೂ ಒಂದು ಅಕ್ಷರವೋ ಚಿತ್ರವೋ ಬರುತ್ತದೆ, ಒಂದು ಸದ್ದು ಬರುತ್ತದೆ. ಹೊರಗೆ ಬರಬೇಕಾದರೆ ಇಂಗ್ಲಿಷ್‌ನಲ್ಲಿ ಕ್ವಿಟ್ ಅಂತ ನಾಲ್ಕು ಅಕ್ಷರ ಸಾಲಾಗಿ ಒತ್ತಬೇಕು. ನಮ್ಮ ಪೋರ ಇನ್ನೂ ಅದನ್ನು ಕಂಡುಹಿಡಿದಿಲ್ಲ. ಐದು ನಿಮಿಷ ಬಡಿದು ಎದ್ದು ಹೋಗುತ್ತಾನೆ. ಅಷ್ಟು ಸಾಕು.

ಒಂದೇ ಆಟ ಹಾಕಿ ಅಂದರೆ ನಾನು ಜಿಕಾಂಪ್ರಿ ಹೇಳುತ್ತೇನೆ. ಬರೆದುಕೊಳ್ಳುವವರಿಗೆ ಅಕ್ಷರ ಹೇಳುತ್ತೇನೆ: ಜಿ, ಸಿ, ಓ, ಎಂ, ಪಿ, ಆರ್, ಐ, ಎಸ್. ಫ್ರೆಂಚ್‌ನಲ್ಲಿ "ನನಗೆ ಅರ್ಥವಾಯ್ತು" ಅನ್ನುವ ಮಾತಿನ ಮೇಲೆ ಆಡಿದ ಹೆಸರು. 2000ರಲ್ಲಿ ಬ್ರೂನೊ ಕುದ್ವಾನ್ ಶುರು ಮಾಡಿದರು. ಈಗ ಅದರೊಳಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಎರಡರಿಂದ ಹತ್ತು ವರ್ಷದವರಿಗೆ.

ಅದರಲ್ಲಿ ಒಂದನ್ನು ಹತ್ತಿರದಿಂದ ಹೇಳುತ್ತೇನೆ. ಪರದೆ ತುಂಬಾ ಚೌಕಗಳು, ಹಿಂದೆ ಒಂದು ಪ್ರಾಣಿಯ ಚಿತ್ರ. ಮೌಸ್ ಹಾಯಿಸಿದ ಕಡೆ ಚೌಕ ಅಳಿಯುತ್ತದೆ. ಒತ್ತುವುದೂ ಬೇಡ, ಸುಮ್ನೆ ಹಾಯಿಸಿದರೆ ಆಯ್ತು. ಮೊದಲು ಕಿವಿ, ಆಮೇಲೆ ಮೂಗು. ಮೌಸ್ ಕೈಗೆ ಕೂತ ಮೇಲೆ ಒಮ್ಮೆ ಒತ್ತಿ ಅಳಿಸುವ ಆಟ, ಅದಾದ ಮೇಲೆ ಎರಡು ಸಲ ಒತ್ತಿ ಅಳಿಸುವ ಆಟ. ನಮ್ಮವಳಿಗೆ ಎರಡು ಸಲ ಒತ್ತುವುದು ಬರಲು ಹನ್ನೊಂದು ದಿನ ಹಿಡಿಯಿತು. ಆಟ ಒಂದು ದಿನವೂ ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕೂತ ನಾನೇ ಎರಡು ಸಲ ಕೈ ಹಾಕಿ ಬೈಸಿಕೊಂಡೆ. ಪ್ರತಿ ಚಟುವಟಿಕೆಗೂ ಕಷ್ಟ ತಿಳಿಸುವ ನಕ್ಷತ್ರಗಳಿವೆ. ಸೆಟ್ಟಿಂಗ್ಸ್‌ನಲ್ಲಿ ಸುಲಭದವು ಮಾತ್ರ ಕಾಣುವಂತೆ ಮಾಡಬಹುದು.

ಲೆಕ್ಕದ ಟಕ್ಸ್ ಮ್ಯಾತ್ ಬಗ್ಗೆ ಹಲವರು ಹೇಳುತ್ತಾರೆ. ಲೆಕ್ಕಗಳು ಉಲ್ಕೆಯಂತೆ ಮೇಲಿಂದ ಬೀಳುತ್ತವೆ, ಉತ್ತರ ಟೈಪ್ ಮಾಡಿ ತಡೆಯಬೇಕು. ಮಗ್ಗಿ ಬಂದವರಿಗೆ ಒಳ್ಳೆಯದು. ಬರದವರಿಗೆ ಅದು ಪರೀಕ್ಷೆಯೇ, ಪೆಂಗ್ವಿನ್ ವೇಷ ಹಾಕಿದೆ ಅಷ್ಟೆ. ಜಿಗಿದು ಓಡುವ ಸೂಪರ್‌ಟಕ್ಸ್ ಕೂಡ ದೊಡ್ಡ ಮಕ್ಕಳಿಗೆ.

ಮಕ್ಕಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿ, ಅಡ್ಮಿನ್ ಅಧಿಕಾರ ಕೊಡಬೇಡಿ. ಎರಡರಿಂದ ನಾಲ್ಕು ವರ್ಷದವರು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಟೀವಿ, ಮೊಬೈಲ್ ಎಲ್ಲಾ ಸೇರಿ. ಟೈಮ್‌ಕೆಪಿಆರ್ ಅನ್ನುವ ಪ್ರೋಗ್ರಾಂ ಹಾಕಿದರೆ ಗಂಟೆ ಎಣಿಸಿ ತಾನೇ ಹೊರಗೆ ಹಾಕುತ್ತದೆ. ನಮಗೆ ಅದು ಬೇಕಾಗಲಿಲ್ಲ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪು, ಮಳೆಗಾಲದ ಕರೆಂಟು.

ಮೊನ್ನೆ ಮಗಳು ಫೋನ್ ಮಾಡಿದ್ದಳು. ಹುಡುಗಿಗೆ ಈಗ ಐದು ದಾಟಿದೆ. ಬರುವ ಮಳೆಗಾಲಕ್ಕೆ ಬಂದಾಗ ಆ ಗಾಡಿ ಓಡಿಸುವ ಆಟ ಬೇಕಂತೆ. ಅದು ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ, ನಾನು ತೆಗೆದಿಲ್ಲ.

ನಮಸ್ಕಾರ.