ಗಟ್ಟಿಯಾಗಿ ಓದಿ, ಮನೆಯವರೆಲ್ಲ ಕೇಳಲಿ

ನಮಸ್ಕಾರ. ಓದೋಕೆ ಪುರುಸೊತ್ತೇ ಇಲ್ಲ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಸುಳ್ಳೇನಲ್ಲ. ಬೆಳಿಗ್ಗೆ ಎದ್ದರೆ ಡಬ್ಬಿ ಕಟ್ಟಬೇಕು, ಸ್ಕೂಲ್ ವ್ಯಾನಿಗೆ ಓಡಬೇಕು. ಆಮೇಲೆ ಆಫೀಸು, ಟ್ರಾಫಿಕ್ಕು. ಮನೆಗೆ ಬಂದರೆ ಹೋಮ್‌ವರ್ಕು, ಅಡುಗೆ. ಇದರ ನಡುವೆ ಬಾಗಿಲು ಹಾಕಿಕೊಂಡು, ಒಬ್ಬರೇ ಕೂತು, ಸದ್ದಿಲ್ಲದೆ ಓದಬೇಕು ಅಂದ್ರೆ ಎಲ್ಲಿಂದ ಆಗುತ್ತೆ ಹೇಳಿ? ಅದಕ್ಕೇ ನಾನು ಹೇಳೋದು, ಪುಸ್ತಕವನ್ನು ನಡುಮನೆಗೆ ತನ್ನಿ. ಗಟ್ಟಿಯಾಗಿ ಓದಿ. ಒಬ್ಬರು ಓದಲಿ, ಉಳಿದವರು ಕೈಕೆಲಸ ಮಾಡುತ್ತಾ ಕೇಳಲಿ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ. ಅವರಿಗೆ ಓದದೇ ಇದ್ದರೆ ಆಗಲ್ಲ. ಸ್ವಲ್ಪ ದಿನ ಕಣ್ಣಿಗೆ ಆಯಾಸ ಬೇಡ ಅಂದಿದ್ದರು ಡಾಕ್ಟರು. ಹಾಗಾಗಿ ಓದೋ ಕೆಲಸ ಮಗಳ ಪಾಲಿಗೆ ಬಂತು. ಅವಳು ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು. ಕನ್ನಡ ಮಾತಾಡೋದು ಸಲೀಸು, ಓದೋದು ನಿಧಾನ. ಅತ್ತೆ ಕೇಳಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಮುಖಪುಟ ನೋಡಿ ಮಗಳು ಓದಿದ್ದು, ‘ಕವಾರ್ಲೊ’! ಅರ್ಕಾವತ್ತು ಹಾಗೇ ಅಲ್ವಾ, ಕಣ್ಣಿಗೆ ಆಮೇಲೆ ಕಾಣುತ್ತೆ, ಬಾಯಲ್ಲಿ ಮೊದಲು ಬರಬೇಕು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಅಲ್ಲಿಂದಲೇ, “ಪುಟ್ಟಿ, ಆ ರ್ ಅನ್ನ ಮೊದಲು ಹೇಳಿ, ಆಮೇಲೆ ವಾ ಅನ್ನು” ಅಂದರು. ಒಂದು ವಾರದಲ್ಲಿ ಅವಳಿಗೆ ಅರ್ಕಾವತ್ತು ಒಗ್ಗಿಹೋಯಿತು. ಯಾವ ವರ್ಕ್‌ಶೀಟೂ ಬೇಕಾಗಲಿಲ್ಲ.

ಆ ಕಾದಂಬರಿ ಬಂದಿದ್ದು 1980ರಲ್ಲಿ. ಕಥೆ ಶುರುವಾಗೋದೇ ಮೂಡಿಗೆರೆಯ ಜೇನು ಸೊಸೈಟಿಯಿಂದ. ಅತ್ತೆಯ ತವರು ಕೂಡ ಆ ಕಡೆಯೇ. ಜೇನಿನ ಮಾತು ಬಂದದ್ದೇ ತಡ, “ತಾಳು ಪುಟ್ಟಿ” ಅಂತ ಓದು ನಿಲ್ಲಿಸಿದರು. ಅವರಪ್ಪ ತೋಟದಲ್ಲಿ ತುಡುವೆ ಜೇನು ಸಾಕಿದ್ದರಂತೆ. ಮರದ ಪೊಟರೆಯಲ್ಲಿ ಗೂಡು ಕಂಡರೆ ರಾಣಿ ನೊಣವನ್ನು ಹುಡುಕಿ, ಉಪಾಯವಾಗಿ ಪೆಟ್ಟಿಗೆಗೆ ಸೇರಿಸುತ್ತಿದ್ದರಂತೆ. ರಾಣಿ ಬಂದರೆ ಉಳಿದ ನೊಣಗಳೂ ಹಿಂದೆಯೇ ಬರುತ್ತವೆ. ಇರುವೆ ಹತ್ತಬಾರದು ಅಂತ ಪೆಟ್ಟಿಗೆಯ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡೋದು, ಆ ನೀರು ಆರದ ಹಾಗೆ ದಿನಾ ನೋಡಿಕೊಳ್ಳೋದು ಇವರ ಕೆಲಸವಾಗಿತ್ತಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಯಿತು, ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಅವತ್ತು ಓದಿದ್ದು ಎರಡೇ ಪುಟ. ನನಗೆ ಅದು ಬೇಕಾದಷ್ಟಾಯಿತು.

ಮಗಳಿಗೆ ಕಾದಂಬರಿಯ ಮಂದಣ್ಣನ ಮೇಲೆ ಎಲ್ಲಿಲ್ಲದ ಪ್ರೀತಿ. ಊರಿನವರು ಲೆಕ್ಕಕ್ಕೇ ಇಡದ ಮನುಷ್ಯ ಅವನು. ಆದರೆ ಕಾಡಿನ ವಿಷಯ ಬಂದಾಗ ವಿಜ್ಞಾನಿ ಕರ್ವಾಲೊ ಅವನ ಮಾತಿಗೆ ಕಿವಿಗೊಡುತ್ತಾರೆ. “ಸೈಂಟಿಸ್ಟ್ ಯಾಕಮ್ಮ ಅವನನ್ನ ಕೇಳ್ತಾರೆ?” ಅಂದಳು. ನಾನು ಉತ್ತರ ಹೇಳಲಿಲ್ಲ, ಮುಂದೆ ಓದು ಅಂದೆ. ಕರ್ವಾಲೊ, ಮಂದಣ್ಣ ಎಲ್ಲ ಸೇರಿ ಹುಡುಕಿಕೊಂಡು ಹೋದ ಹಾರುವ ಓತಿ ಕೊನೆಯಲ್ಲಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋದಾಗ ಅವಳಿಗೆ ಸಿಟ್ಟೇ ಬಂತು. ಅಷ್ಟು ಕಷ್ಟಪಟ್ಟು ಹುಡುಕಿದ್ದು ವೇಸ್ಟಾ ಅಂತ ಅಜ್ಜಿಯ ಜೊತೆ ಊಟದ ಹೊತ್ತಿನಲ್ಲೂ ವಾದ. ಅಜ್ಜಿಯೂ ಬಿಟ್ಟುಕೊಡಲಿಲ್ಲ.

ಹೀಗೆ ಗಟ್ಟಿಯಾಗಿ ಓದೋದು, ಕೇಳೋದು ಹೊಸ ವಿಷಯವೇನಲ್ಲ. ಹದಿನೈದನೇ ಶತಮಾನದ ಕುಮಾರವ್ಯಾಸ ಅಕ್ಷರ ಬಾರದವರ ಮನೆಮನೆಗೂ ತಲುಪಿದ್ದು ಹೀಗೇ ತಾನೆ? ಒಬ್ಬರು ರಾಗವಾಗಿ ಪದ್ಯ ಓದೋದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳೋದು, ಊರೆಲ್ಲ ಕೂತು ಕೇಳೋದು. ಹೀಗೆ ರಾಗವಾಗಿ ಕಾವ್ಯ ಓದುವ ಗಮಕ ಕಲೆ ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಇವತ್ತಿಗೂ ಜೀವಂತವಾಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಾಗಾಗಿ ಆಡಿಯೋ ಪುಸ್ತಕ ಕೇಳಿದರೆ ಅದು ಓದಿದ ಹಾಗಲ್ಲ ಅನ್ನುವವರ ಮಾತನ್ನು ನಾನು ಒಪ್ಪಲ್ಲ. ನಮ್ಮ ಮನೆಯವರು ಕಾರಿನಲ್ಲಿ ಕೇಳಿಕೊಂಡೇ ಎಷ್ಟೋ ಕಾದಂಬರಿ ಮುಗಿಸಿದ್ದಾರೆ. ಮಕ್ಕಳ ವಿಷಯ ಮಾತ್ರ ಬೇರೆ. ಅವರ ಕಣ್ಣು ಅಕ್ಷರದ ಮೇಲೆ ಓಡಾಡಲೇಬೇಕು.

ಎಲ್ಲವನ್ನೂ ಮಗುವಿನ ಮುಂದೆ ಓದೋಕಾಗಲ್ಲ, ಅದೂ ಸರಿ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯನ್ನು ನಾನು ಮೆಟ್ರೋದಲ್ಲಿ ಓದಿದೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳಲ್ಲಿ ಇದೂ ಒಂದು. 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಸಂಕಲನ ಅದು. ಪ್ರಶಸ್ತಿ ಬಂದಾಗ ಎಲ್ಲರೂ ಖುಷಿಪಟ್ಟೆವು. ಆದರೆ ಕನ್ನಡ ಬಲ್ಲವರು ಆ ಕಥೆಗಳನ್ನು ಕನ್ನಡದಲ್ಲೇ ಓದಬೇಕು, ಇದು ನನ್ನ ಖಚಿತ ಅಭಿಪ್ರಾಯ. ‘ಎದೆಯ ಹಣತೆ’ಯಲ್ಲಿ ಗಂಡನ ಮೋಸದಿಂದ ನೊಂದು ಮೆಹರುನ್ ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಗಂಡನ ಮನೆಗೇ ಬಿಡುತ್ತಾರೆ. ಮಗಳು ಮಲಗಿದ ಮೇಲೆ ಆ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ಮುಗಿದ ಮೇಲೆ ಅವರು ಗಂಡನ ಸುದ್ದಿಯನ್ನೇ ಎತ್ತಲಿಲ್ಲ. “ಒಡಹುಟ್ಟಿದವರಾದರೂ ಕೂತ್ಕೋ, ಊಟ ಮಾಡು ಅನ್ನಬಹುದಿತ್ತಲ್ವಾ” ಅಂದರು. ಆಮೇಲೆ ಅವರಿಗೆ ಗೊತ್ತಿದ್ದ ಒಬ್ಬ ಹೆಂಗಸಿನ ಕಥೆ ಹೇಳಿದರು. ಅದನ್ನು ಇಲ್ಲಿ ಹೇಳೋದು ಸರಿಯಲ್ಲ.

ವರ್ಷಕ್ಕೆ ಇಷ್ಟು ಪುಸ್ತಕ ಅಂತ ಗುರಿ ಇಟ್ಟುಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅದರಿಂದ ಖುಷಿ ಸಿಕ್ಕರೆ ಒಳ್ಳೆಯದೇ. ಆದರೆ ಮನೆಯವರ ಜೊತೆ ಓದುವಾಗ ಆ ಲೆಕ್ಕ ಬಿಟ್ಟುಬಿಡಿ. ಲೆಕ್ಕ ಹಿಡಿದರೆ “ತಾಳು ಪುಟ್ಟಿ” ಅನ್ನೋದಕ್ಕೆ ಜಾಗವೇ ಇರಲ್ಲ. ಇನ್ನು ಪುಸ್ತಕದ ಬೆಲೆ ಜಾಸ್ತಿ ಅನ್ನುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. 1965ರ ಕಾಯ್ದೆಯಿಂದಾಗಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾ ಬಂದಿದ್ದೇವೆ. ಅದು ನಮ್ಮದೇ ದುಡ್ಡು, ನಮ್ಮದೇ ಪುಸ್ತಕ.

ಮುಂದೆ ಯಾವುದು ಓದೋದು ಅನ್ನೋದು ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅತ್ತೆಗೆ ತ್ರಿವೇಣಿಯವರ ಕಾದಂಬರಿ ಬೇಕು. ಮಗಳಿಗೆ ತೇಜಸ್ವಿಯವರದ್ದೇ ಇನ್ನೊಂದು ಬೇಕು. ‘ಪರಿಸರದ ಕಥೆ’ಯಲ್ಲಿ ನಾಯಿ ಇದೆ ಅಂತ ಅವರಪ್ಪ ಬೇರೆ ಹೇಳಿಬಿಟ್ಟಿದ್ದಾರೆ. ನನ್ನ ವೋಟು ಮಗಳಿಗೆ. ಅತ್ತೆಗೆ ಈಗ ಕಣ್ಣು ಚೆನ್ನಾಗಿದೆ, ತ್ರಿವೇಣಿಯವರನ್ನು ಈ ಸಲ ಅವರೇ ಓದಿ ಹೇಳಲಿ ಅಂತ ಕೇಳಿದ್ದೇನೆ.