ಬೀರುವಿನೊಳಗಿನ ಆಟಿಕೆ

ಇಲ್ಲಿ ಸೇರಿರುವ ಎಲ್ಲ ಮೇಷ್ಟ್ರು, ಟೀಚರುಗಳಿಗೂ ನಮಸ್ಕಾರ. ಹಾರ, ಪ್ರಾರ್ಥನೆ, ಸ್ವಾಗತ ಮುಗಿಯುವಷ್ಟರಲ್ಲಿ ನನ್ನ ಅರ್ಧ ಸಮಯ ಹೋಗಿದೆ. ನೇರ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಒಂದು ಶಾಲೆಗೆ ಹೋಗಿದ್ದೆ. ಯಾವ ಶಾಲೆ ಅಂತ ಕೇಳಬೇಡಿ. ಆಫೀಸ್ ರೂಮಿನ ಬೀರುವಿನಲ್ಲಿ ಜೋಡಿಸುವ ಬ್ಲಾಕುಗಳ ದೊಡ್ಡ ಡಬ್ಬ ಇತ್ತು. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಯಾಕೆ ಅಂದೆ. ‘ಒಂದು ತುಂಡು ಕಳೆದುಹೋದರೆ ಸ್ಟಾಕ್ ಬುಕ್ಕಿನಲ್ಲಿ ಏನಂತ ಬರೆಯಲಿ ಸಾರ್?’ ಅಂದರು ಮೇಷ್ಟ್ರು. ಪಾಪ, ಅವರನ್ನು ಬೈದು ಪ್ರಯೋಜನವಿಲ್ಲ. ತುಂಡಿನ ಲೆಕ್ಕ ಕೇಳುವವರು ಬರುತ್ತಾರೆ, ಮಕ್ಕಳು ಆಡಿದರಾ ಅಂತ ಕೇಳುವವರು ಬರುವುದಿಲ್ಲ.

ಕಿಂಡರ್‌ಗಾರ್ಟನ್ ಅಂತ ಬೋರ್ಡ್ ಹಾಕುತ್ತೇವಲ್ಲ, ಆ ಹೆಸರನ್ನು 1840ರಲ್ಲಿ ಇಟ್ಟವನು ಜರ್ಮನಿಯ ಫ್ರೋಬೆಲ್. ಅವನು ಮಕ್ಕಳ ಕೈಗೆ ಕೊಟ್ಟದ್ದು ಚೆಂಡು, ಮರದ ಗುಂಡು, ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ. ನಾವು ಹೆಸರು ಉಳಿಸಿಕೊಂಡು ಮರವನ್ನು ಬೀರುವಿಗೆ ಸೇರಿಸಿದೆವು.

ಬ್ಲಾಕ್ ಇಲ್ಲದಿದ್ದರೂ ಆಗುತ್ತೆ. ನಾನು ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ, ಒಂದು ಮಳೆ ದಿನ, ಖಾಲಿ ಬೆಂಕಿಪೊಟ್ಟಣ ಕೊಟ್ಟು ಮಕ್ಕಳನ್ನು ಜಗಲಿಗೆ ಬಿಟ್ಟಿದ್ದೆ. ಒಬ್ಬಳು ಹುಡುಗಿ ಪೊಟ್ಟಣಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸುತ್ತಾ ಹೋದಳು. ಮೂವತ್ತಾಗಿತ್ತೋ ಏನೋ, ಬಗ್ಗಿದಾಗ ಅವಳ ಜಡೆಯ ತುದಿ ತಾಗಿತು. ಪಟಪಟ ಅಂತ ಎಲ್ಲಾ ಮಲಗಿದವು. ನನ್ನ ಕೈ ತಾನಾಗೇ ಮುಂದೆ ಹೋಯಿತು. ಅವಳು ತಿರುಗಿಯೂ ನೋಡದೆ, ‘ನೀವು ಸುಮ್ನಿರಿ ಸಾರ್’ ಅಂದಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ನನಗೆ ಸಿಕ್ಕ ಒಳ್ಳೆಯ ತರಬೇತಿ ಅದೇ!

ಜಡೆ ಎತ್ತಿ ಕಟ್ಟಿದಳು. ಮತ್ತೆ ಜೋಡಿಸಿದಳು. ಈ ಸಲ ಮೊಣಕೈ ತಗಲಿತು. ಮೂರನೇ ಸಲ ನೋಡುತ್ತೇನೆ, ಪ್ರತಿ ಹತ್ತಕ್ಕೊಮ್ಮೆ ಮೂರು ಪೊಟ್ಟಣದ ಜಾಗ ಖಾಲಿ ಬಿಟ್ಟಿದ್ದಾಳೆ. ಏನಿದು ಅಂದೆ. ‘ಗೇಟು ಸಾರ್. ಬಿದ್ರೆ ಇಷ್ಟೇ ಬೀಳ್ತದೆ. ಕೊನೆಗೆ ಮುಚ್ತೀನಿ.’ ಡಾಮಿನೊ ಅನ್ನುವ ಚಪ್ಪಟೆ ಬಿಲ್ಲೆಗಳನ್ನು ಲಕ್ಷಗಟ್ಟಲೆ ಸಾಲಾಗಿ ನಿಲ್ಲಿಸಿ ಬೀಳಿಸುವ ತಂಡದವರೂ ನಡುವೆ ಹೀಗೇ ಜಾಗ ಬಿಡುತ್ತಾರೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಜಗಲಿಯ ಮೂಲೆಯಲ್ಲಿ ಇನ್ನೊಂದು ತೊಡಕು. ಸಾಲನ್ನು ಒಂದೇ ಸಲ ತಿರುಗಿಸಿದರೆ ಬೀಳುವ ಪೊಟ್ಟಣ ಮುಂದಿನದಕ್ಕೆ ತಾಗುವುದೇ ಇಲ್ಲ. ಎತ್ತಿನಗಾಡಿ ತಿರುಗಿಸುವ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದಳು. ಅಂತರವೂ ಹಾಗೇ. ಜಾಸ್ತಿ ದೂರ ಇಟ್ಟರೆ ಏಟು ಬುಡಕ್ಕೆ ಬೀಳುತ್ತೆ, ಪೊಟ್ಟಣ ಜರುಗುತ್ತೆ, ಬೀಳಲ್ಲ. ತಲೆಗೆ ತಾಗಬೇಕು. ಹೀಗೆ ತಿರುಗಿಸಿ ಬೀಳಿಸುವ ಬಲಕ್ಕೆ ಹೈಸ್ಕೂಲಿನಲ್ಲಿ ಟಾರ್ಕ್ ಅನ್ನುತ್ತಾರೆ. ನಾನು ಅಲ್ಲೇ ಟಾರ್ಕ್ ಅಂದಿದ್ದರೆ ಅವಳು ಪೊಟ್ಟಣ ಬಿಟ್ಟು ಎದ್ದುಹೋಗುತ್ತಿದ್ದಳು. ಅದಕ್ಕೇ ಹೇಳುವುದು, ಬಿದ್ದಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು.

ಸಣ್ಣ ಏಟಿಗೆ ಅಷ್ಟೊಂದು ಹೇಗೆ ಬೀಳುತ್ತವೆ? ನೆಟ್ಟಗೆ ನಿಂತ ಪ್ರತಿಯೊಂದರಲ್ಲೂ, ಅದನ್ನು ನಿಲ್ಲಿಸಿದ ಕೈಯ ಶಕ್ತಿ ಕೂತಿರುತ್ತೆ. ತಳ್ಳಿದ್ದು ಬರೀ ಬಾಗಿಲು ತೆಗೆದ ಹಾಗೆ. ಆದ್ದರಿಂದ ಒಂದು ಡಾಮಿನೊ ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನೂ ಬೀಳಿಸುತ್ತೆ. 5 ಮಿಲಿಮೀಟರ್‌ನಿಂದ ಶುರುಮಾಡಿ ಗುಣಿಸುತ್ತಾ ಹೋಗಿ. ಇಪ್ಪತ್ತೆರಡನೆಯದು ಸುಮಾರು 25 ಮೀಟರ್, ಶ್ರವಣಬೆಳಗೊಳದ ಗೊಮ್ಮಟನಿಗಿಂತ ಎತ್ತರ! ಒಂದೂವರೆ ಮಗ್ಗಿ ಹೇಳು ಅಂದರೆ ಮುಖ ಸಿಂಡರಿಸುವ ಮಕ್ಕಳು ಈ ಲೆಕ್ಕಕ್ಕೆ ಸ್ಲೇಟು ಕಿತ್ತುಕೊಂಡು ಕೂರುತ್ತಾರೆ.

ಅಮೆರಿಕದ ರೂಬ್ ಗೋಲ್ಡ್‌ಬರ್ಗ್ ಹೆಸರು ಕೇಳಿರುತ್ತೀರಿ. ಎಂಜಿನಿಯರಿಂಗ್ ಓದಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರು, ಚರಂಡಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಸ್ವಲ್ಪ ದಿನಕ್ಕೇ ಬಿಟ್ಟು ವ್ಯಂಗ್ಯಚಿತ್ರಕಾರನಾದ. ಸುಲಭದ ಕೆಲಸಕ್ಕೆ, ಡಾಮಿನೊ ಹಾಗೆ ಒಂದು ಇನ್ನೊಂದನ್ನು ತಳ್ಳುವ ಹತ್ತು ಸುತ್ತಿನ ಯಂತ್ರ, ಅದು ಅವನ ಚಿತ್ರಗಳ ತಮಾಷೆ. ನಮ್ಮಲ್ಲಿ ಅದಕ್ಕೆ ಚಿತ್ರ ಬೇಡ, ಒಂದು ಅರ್ಜಿ ಕೊಟ್ಟು ನೋಡಿ ಸಾಕು.

ಚೀಟಿ ಬಂತು. ಎರಡು ನಿಮಿಷವಂತೆ. ಗೋಲಿ ಉರುಳಿಸುವ ದಾರಿ, ಚನ್ನಪಟ್ಟಣದ ಮರದ ಆಟಿಕೆ, ಎರಡನ್ನೂ ಬಿಡುತ್ತೇನೆ. ಬಿಸಾಡಿದ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡಿಸುವ ಅರವಿಂದ ಗುಪ್ತಾ ಅವರ ಕಡ್ಡಿ ಆಟ ಒಂದು ಹೇಳಲೇಬೇಕು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ, ಅಂದರೆ ಸಣ್ಣ ರಬ್ಬರ್ ಕೊಳವೆಯ, ಚೂರುಗಳಿಂದ ಸೇರಿಸಿ ಚೌಕ ಮಾಡಿ. ಒತ್ತಿದರೆ ವಾಲುತ್ತೆ. ತ್ರಿಕೋಣ ಮಾಡಿ, ಅಲ್ಲಾಡಲ್ಲ. ಆಮೇಲೆ ಮಕ್ಕಳನ್ನು ತಗಡಿನ ಚಾವಣಿಯ ಕೆಳಗೆ ನಿಲ್ಲಿಸಿ, ಮೇಲೆ ನೋಡಿ ಅನ್ನಿ. ಚಾವಣಿ ಹೊತ್ತ ಕಬ್ಬಿಣದಲ್ಲಿ ಎಷ್ಟು ತ್ರಿಕೋಣ ಇವೆ ಅಂತ ಅವರೇ ಎಣಿಸುತ್ತಾರೆ. ನೀವು ಎಣಿಸಬೇಡಿ, ದಯವಿಟ್ಟು.

ಹೊರಗೆ ಚೀಲದಲ್ಲಿ ಇನ್ನೂರು ಖಾಲಿ ಬೆಂಕಿಪೊಟ್ಟಣ ಇಟ್ಟಿದ್ದೇನೆ. ಶಾಲೆಗೆ ನಲವತ್ತರಂತೆ ತೆಗೆದುಕೊಂಡು ಹೋಗಿ. ಸ್ಟಾಕ್ ಬುಕ್ಕಿಗೆ ಹತ್ತಿಸಬೇಕಿಲ್ಲ.