ಒಂದು ಸಾಲು ಎಂದರೆ ಯಾರು?

ಮಾಹಿತಿಯ ರಾಶಿಯಲ್ಲಿ ಅಡಗಿದ ವಿನ್ಯಾಸಗಳನ್ನು ಹುಡುಕುವ ಡೇಟಾ ಮೈನಿಂಗ್‌ಗೆ ಯಾವ ಅಲ್ಗಾರಿದಮ್ ಒಳ್ಳೆಯದು ಎಂದು ಗಂಟೆಗಟ್ಟಲೆ ವಾದಿಸುವವರನ್ನು ಒಂದು ಮಾತು ಕೇಳಿ ನೋಡಿ: ನಿಮ್ಮ ಕೋಷ್ಟಕದಲ್ಲಿ ಒಂದು ಸಾಲು ಎಂದರೆ ಏನು? ಒಬ್ಬ ಗ್ರಾಹಕನೋ, ಅವನ ಒಂದು ಬಿಲ್ಲೋ, ಆ ಬಿಲ್ಲಿನೊಳಗಿನ ಒಂದು ವಸ್ತುವೋ? ಹಲವರು ತಡವರಿಸುತ್ತಾರೆ. ಇದು ತೀರ್ಮಾನವಾಗದೆ, ಮಾಹಿತಿಯಿಂದ ಕಲಿತು ಊಹಿಸುವ ಮಾಡೆಲ್ ಬಗ್ಗೆ ಮಾತನಾಡುವುದೇ ವ್ಯರ್ಥ ಎನ್ನುವುದು ನನ್ನ ವಾದ.

1970ರಲ್ಲಿ ಗಣಕ ವಿಜ್ಞಾನಿ ಎಡ್ಗರ್ ಕಾಡ್, ಮಾಹಿತಿಯನ್ನು ಪರಸ್ಪರ ಸಂಬಂಧವಿರುವ ಕೋಷ್ಟಕಗಳಲ್ಲಿ ಇಡುವ ರಿಲೇಷನಲ್ ಮಾದರಿಯನ್ನು ಮಂಡಿಸಿದಂದಿನಿಂದ ನಾವು ಮಾಹಿತಿಯನ್ನು ಒಡೆದು ಇಡುವುದನ್ನು ಕಲಿತಿದ್ದೇವೆ. ಗ್ರಾಹಕರು ಒಂದು ಕೋಷ್ಟಕದಲ್ಲಿ, ಬಿಲ್ಲುಗಳು ಇನ್ನೊಂದರಲ್ಲಿ. ಸಂಗ್ರಹಕ್ಕೆ ಅದು ಸರಿಯೇ. ಆದರೆ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತ ತೀರ್ಮಾನಕ್ಕೆ ಬರುವ ಡಿಸಿಷನ್ ಟ್ರೀಯಂಥ ಮಾಡೆಲ್‌ಗೆ ಎಲ್ಲವೂ ಒಂದೇ ಕೋಷ್ಟಕದಲ್ಲಿ ಬೇಕು. ಆಗ ಅವಸರದಲ್ಲಿ ಎರಡನ್ನೂ ಜಾಯಿನ್ ಮಾಡಿ, ಅಂದರೆ ಪ್ರತಿ ಬಿಲ್ಲಿಗೂ ಅದರ ಗ್ರಾಹಕನ ವಿವರವನ್ನು ಜೋಡಿಸಿಬಿಡುತ್ತಾರೆ. 40 ಬಿಲ್ಲು ಇರುವ ಗ್ರಾಹಕ 40 ಸಾಲುಗಳಾಗುತ್ತಾನೆ. ಮಾಡೆಲ್ ಅವನನ್ನು 40 ಜನರೆಂದು ಎಣಿಸುತ್ತದೆ. ಅವನ ಕೆಲವು ಸಾಲುಗಳು ತರಬೇತಿಗೂ ಉಳಿದವು ಪರೀಕ್ಷೆಗೂ ಹೋದರೆ ಫಲಿತಾಂಶ ಹೊಳೆಯುತ್ತದೆ, ಆ ಹೊಳಪು ಸುಳ್ಳು: ಪರೀಕ್ಷೆಗೆ ಬಂದವನನ್ನು ಮಾಡೆಲ್ ಆಗಲೇ ನೋಡಿರುತ್ತದೆ. ಬದಲಿಗೆ ಆ 40 ಬಿಲ್ಲುಗಳನ್ನು ಒಟ್ಟು ಖರೀದಿ, ಸರಾಸರಿ ಮೊತ್ತ, ಕೊನೆಯ ಬಿಲ್ಲಾಗಿ ಎಷ್ಟು ದಿನವಾಯಿತು ಎಂದು ಒಂದೇ ಸಾಲಿಗೆ ಇಳಿಸಬೇಕು. ಬೇಸರದ ಕೆಲಸ ಹೌದು, ಆದರೆ ವಿಷಯ ಬಲ್ಲವರ ತಲೆ ಓಡಬೇಕಾದದ್ದು ಇಲ್ಲಿಯೇ.

ಎಲ್ಲಕ್ಕೂ ಇದೇ ಅಚ್ಚು ಒಗ್ಗುವುದಿಲ್ಲ. ಯಾವ ವಸ್ತುವಿನ ಜೊತೆ ಯಾವುದು ಮಾರಾಟವಾಗುತ್ತದೆ ಎಂದು ಹುಡುಕಲು 1994ರಲ್ಲಿ ರಾಕೇಶ್ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಪ್ರಕಟಿಸಿದ ಏಪ್ರಿಯೋರಿ ವಿಧಾನಕ್ಕೆ ಬಿಲ್ ಸಂಖ್ಯೆ, ವಸ್ತು ಎಂಬ ಎರಡೇ ಕಾಲಂ ಸಾಕು. ಅಲ್ಲಿ ವಸ್ತುವಿಗೊಂದು ಕಾಲಂ ಮಾಡಿ ಸಾವಿರಾರು ಸೊನ್ನೆಗಳನ್ನು ತುಂಬುವುದು ಸಾಮಾನ್ಯವಾಗಿ ದಂಡ. ಮೈಕ್ರೋಸಾಫ್ಟ್‌ನ ಮಾಹಿತಿ ವಿಶ್ಲೇಷಣೆಯ ತಂತ್ರಾಂಶವಾದ ಅನಾಲಿಸಿಸ್ ಸರ್ವಿಸಸ್‌ನಲ್ಲಿ ಗ್ರಾಹಕನ ಸಾಲಿನೊಳಗೇ ಅವನ ಖರೀದಿಗಳ ಕೋಷ್ಟಕವನ್ನು ಇಡುವ ವ್ಯವಸ್ಥೆ ಇತ್ತು. ಅದು ನನಗೆ ಇಷ್ಟ, ಏಕೆಂದರೆ ಒಂದು ಪ್ರಕರಣ, ಅಂದರೆ ಒಂದು ಸಾಲು, ಯಾವುದು ಎಂದು ಮೊದಲೇ ಹೇಳದೆ ಅಲ್ಲಿ ಮುಂದೆ ಸಾಗುವಂತಿರಲಿಲ್ಲ.

ವಯಸ್ಸು ಗೊತ್ತಿಲ್ಲದಾಗ ಬರೆದ 999, ಮಾಡೆಲ್ ಕಲಿಯುವ ಕಾಲಂಗಳಲ್ಲಿ ಸೇರಿಕೊಂಡ ಗ್ರಾಹಕನ ಗುರುತಿನ ಸಂಖ್ಯೆ: ಇವು ಹುಡುಕಿದರೆ ಸಿಗುವ ತಪ್ಪುಗಳು. ಸುಲಭವಾಗಿ ಸಿಗದಿರುವುದು ಕಾಲದ ತಪ್ಪು. ಯಾರು ಖಾತೆ ಮುಚ್ಚುತ್ತಾರೆ ಎಂದು ಊಹಿಸುವ ಕೋಷ್ಟಕದಲ್ಲಿ ‘ಖಾತೆ ಮುಚ್ಚಿದ ಕಾರಣ’ ಎಂಬ ಕಾಲಂ ಇದ್ದರೆ ಯಾರಾದರೂ ಗುರುತಿಸುತ್ತಾರೆ. ಮುಚ್ಚಿದ ನಂತರದ ಕರೆಗಳೂ ಸೇರಿಕೊಂಡ ‘ಒಟ್ಟು ದೂರುಗಳು’ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಪ್ರತಿ ಸಾಲಿಗೂ ಒಂದು ಗಡಿ ದಿನಾಂಕವನ್ನು ಬರೆದಿಡಿ. ಎಲ್ಲ ಮೊತ್ತಗಳನ್ನೂ ಅದಕ್ಕಿಂತ ಹಿಂದಿನ ದಾಖಲೆಗಳಿಂದಲೇ ಲೆಕ್ಕ ಹಾಕಿ, ತಾಳೆ ನೋಡಿ. ಮಾಡೆಲ್‌ಗೆ ಕೊಡುವ ಮುನ್ನ ಆ ದಿನಾಂಕದ ಕಾಲಂ ಅನ್ನು ಕಳಚಿದರಾಯಿತು.